ನೀರಿನ ಸಾಣೆ ಯಂತ್ರ: ರಬ್ಬರ್ ಚಕ್ರದ ಹಟ ಇಳಿಯಿತು

ಉಳಿ, ಅಲಗುಗಳನ್ನು ಹರಿತ ಮಾಡುವ ನನ್ನ ನೀರಿನ ಸಾಣೆ ಯಂತ್ರ ಕೊನೆಗೂ ದಾರಿಗೆ ಬಂದಿದೆ. ಅಗಲದ ಕೀಸುಳಿ ಅಲಗನ್ನು ಬಲವಾಗಿ ಒತ್ತಿ ಹಿಡಿದರೂ ಕಲ್ಲು ನಿಲ್ಲುತ್ತಿಲ್ಲ. ಈ ವಾಕ್ಯ ಬರೆಯುವುದಕ್ಕಾಗಿ ನಾನು ಪಟ್ಟ ಪಾಡನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ನನ್ನದು ಸಾಣೆ ಯಂತ್ರಗಳಿಗೆ ಹೆಸರಾದ ಸ್ವೀಡನ್ನಿನ ಟಾರ್ಮೆಕ್ ಅಲ್ಲ, ಅದರ ಜಾಡಿನಲ್ಲೇ ಬಂದ ಇನ್ನೊಂದು. ಟಾರ್ಮೆಕ್‌ನ ಟಿ-8 ಮಾದರಿಯಂತೆಯೇ 250 ಮಿಲಿಮೀಟರ್ ಕಲ್ಲು, ನಿಮಿಷಕ್ಕೆ 90 ಸುತ್ತು. ಬೆಲ್ಟೂ ಇಲ್ಲ, ಗೇರೂ ಇಲ್ಲ. ಕೀಲಿನ ಮೇಲೆ ತೂಗುವ ಮೋಟಾರು ತನ್ನ ಭಾರದಿಂದ ತನ್ನ ಶಾಫ್ಟನ್ನು, ಕಲ್ಲಿನ ಜೊತೆಗೇ ತಿರುಗುವ ರಬ್ಬರ್ ಅಂಚಿನ ಚಕ್ರಕ್ಕೆ ಒತ್ತುತ್ತದೆ, ಆ ಹಿಡಿತವೇ ಎಲ್ಲ. ನನ್ನ ಯಂತ್ರದಲ್ಲಿ ಅದೇ ಕೈಕೊಟ್ಟಿತ್ತು. ಉಳಿ ತಾಗಿಸಿದೊಡನೆ ಕಲ್ಲು ನಿಂತು, ಮೋಟಾರು ಮಾತ್ರ ಗುಂಯ್‌ಗುಡುತ್ತಿತ್ತು.

ಶಾಫ್ಟ್ ತಿರುಗುವ ಬುಶ್‌ಗೆ ಗ್ರೀಸ್, ಕಲ್ಲು ಕೂರುವ ಮುಖ್ಯ ಶಾಫ್ಟ್‌ನ ತುಕ್ಕು ತೆಗೆಯುವುದು, ರಬ್ಬರನ್ನು ಸ್ಪಿರಿಟ್‌ನಲ್ಲಿ ಒರೆಸಿ ಸ್ಯಾಂಡ್ ಪೇಪರ್‌ನಿಂದ ಹೊಳಪು ಕಳೆಯುವುದು, ಇವೆಲ್ಲ ನಿಮಗೆ ಗೊತ್ತಿರುವುದೇ. ಎಲ್ಲವನ್ನೂ ಮಾಡಿದೆ. ಒಂದು ಉಳಿ ಹರಿತವಾಗುವಷ್ಟು ಹೊತ್ತು ಗುಣ ಕಾಣಿಸಿ, ಮತ್ತೆ ಅದೇ ಕಥೆ. ಹಿಡಿತಕ್ಕೆ ರಾಳದ ಪುಡಿ ಹಾಕು ಎಂದರು ಒಬ್ಬ ಮಿತ್ರರು. ನೀರು ಚಿಮ್ಮುವ ಯಂತ್ರಕ್ಕೆ ರಾಳ ಹಾಕಿದರೆ ಶಾಫ್ಟ್‌ನ ಮೇಲೆ ಅಂಟು ಕಟ್ಟುತ್ತದೆಯೇ ಹೊರತು ಕಾಯಿಲೆ ಹೋಗುವುದಿಲ್ಲ.

ಹೊಸ ರಬ್ಬರ್ ಹಾಕೋಣವೆಂದರೆ ಮಾರುವವರ ಲೋಕವೇ ಬೇರೆ. ಯಂತ್ರ ಕೊಟ್ಟವರು ಚಕ್ರದ ರಬ್ಬರ್ ಬಳೆಯನ್ನು ಬಿಡಿಯಾಗಿ ಮಾರುವುದಿಲ್ಲವಂತೆ, ಇಡೀ ಚಕ್ರವನ್ನೇ ಕೊಳ್ಳಬೇಕು, ಅದೂ ಈಗ ದಾಸ್ತಾನಿಲ್ಲ. ಆನ್‌ಲೈನ್‌ನಲ್ಲಿ ತರಿಸಿದ ‘ಡ್ರೈವ್ ವೀಲ್’ ಡಬ್ಬದಲ್ಲಿ ಬಂದದ್ದು ಪಾಲಿಶ್ ಹಾಕುವ ತೊಗಲಿನ ಚಕ್ರ. ಬೆಂಗಳೂರಿನ ಜೆ.ಸಿ. ರಸ್ತೆಯ ವಾಹನ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಹಳೆಯ ಚಕ್ರವನ್ನೇ ಮುಂದಿಟ್ಟೆ. “ಯಾವ ಗಾಡಿಯದು ಸಾರ್?” ಎಂದರು. ಗಾಡಿಯದಲ್ಲ ಎಂದ ಮೇಲೆ ನನ್ನ ಮೇಲಿನ ಆಸಕ್ತಿಯೇ ಹೊರಟುಹೋಯಿತು.

ಗುಟ್ಟು ಬಿಟ್ಟುಕೊಟ್ಟದ್ದು ಸದ್ದು. ಕಲ್ಲು ಬರಿದೇ ತಿರುಗುವಾಗಲೂ ಒಳಗೆ ಮೆಲ್ಲಗೆ ‘ಡುಗ್’ ಎನ್ನುತ್ತಿತ್ತು. ಎಣಿಸಿದೆ: ಎರಡು ಸೆಕೆಂಡಿಗೆ ಮೂರು ಸಲ. ನಿಮಿಷಕ್ಕೆ 90 ಆಯಿತಲ್ಲ! ಮೋಟಾರಿನ ದೋಷವಾಗಿದ್ದರೆ ಸೆಕೆಂಡಿಗೆ ಇಪ್ಪತ್ತಕ್ಕೂ ಹೆಚ್ಚು ಬಡಿತ ಕೇಳಬೇಕಿತ್ತು. ಅಂದರೆ ತಪ್ಪು ನಿಧಾನ ತಿರುಗುವ ಚಕ್ರದ್ದೇ. ಅಂಚಿನ ಮೇಲೆ ಉದ್ದಕ್ಕೂ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದೆ. ಒಂದು ಕಡೆ ಅರ್ಧ ಮಿಲಿಮೀಟರಿನಷ್ಟು ತಗ್ಗು, ಗಾಜಿನಂತೆ ನುಣ್ಣಗೆ.

ಒಂದೇ ಜಾಗದಲ್ಲಿ ದೀರ್ಘಕಾಲ ಒತ್ತಿಸಿಕೊಂಡ ರಬ್ಬರ್ ಪೂರ್ತಿ ಹಿಂದಿರುಗಿ ಉಬ್ಬುವುದಿಲ್ಲ. ಸೆಕೆ ಹೆಚ್ಚಿದಷ್ಟೂ ಆ ಗುರುತು ಗಟ್ಟಿಯಾಗುತ್ತದೆ. ನನ್ನ ಕೆಲಸದ ಕೋಣೆ ತಾರಸಿಯ ಮೇಲಿದೆ, ಸೂರು ತಗಡಿನದು. ಬೇಸಿಗೆಯುದ್ದಕ್ಕೂ ನಿಂತ ಯಂತ್ರದಲ್ಲಿ ಮೋಟಾರಿನ ಭಾರವೆಲ್ಲ ಅದೊಂದೇ ಬಿಂದುವಿನ ಮೇಲೆ. ತಗ್ಗಿನ ಅಂಚನ್ನು ಹತ್ತುವಾಗ ಮೋಟಾರು ಕುಪ್ಪಳಿಸುತ್ತದೆ, ಕ್ಷಣಕಾಲ ಹಿಡಿತ ತಪ್ಪಿ ಶಾಫ್ಟ್ ಅಲ್ಲೇ ಗಿರಕಿ ಹೊಡೆಯುತ್ತದೆ, ಆ ಜಾಗ ಇನ್ನಷ್ಟು ನುಣ್ಣಗಾಗುತ್ತದೆ. ಮೇಲ್ಮೈ ಉಜ್ಜಿದ್ದು ಉಳಿಯದಿದ್ದದ್ದು ಇದಕ್ಕೇ. ಕೈಯಲ್ಲಿ ಉಜ್ಜಿದರೆ ತಗ್ಗೂ ಉಬ್ಬೂ ಸಮನಾಗಿ ಸವೆಯುತ್ತವೆ, ಆಕಾರ ಹಾಗೆಯೇ ಇರುತ್ತದೆ.

ಆದ್ದರಿಂದ ಚಕ್ರವನ್ನು ಅದರ ಅಚ್ಚಿನ ಮೇಲೆಯೇ ತಿರುಗಿಸಿ ಹೆರೆಯಬೇಕು. ಲೇತ್‌ಗೆ ಒಯ್ಯಬೇಕಿಲ್ಲ. ಮೋಟಾರನ್ನು ರಬ್ಬರಿನಿಂದ ಸರಿಸಿ ಹಗ್ಗದಲ್ಲಿ ಕಟ್ಟಿದೆ. ಕಲ್ಲನ್ನು ತೆಗೆದು ಆ ಜಾಗಕ್ಕೆ ತೂತು ಕೊರೆದ ಮರದ ತುಂಡು ಹಾಕಿ ನಟ್ಟು ಬಿಗಿದೆ. ಆ ನಟ್ಟಿಗೆ ಸಾಕೆಟ್, ಸಾಕೆಟ್‌ಗೆ ಡ್ರಿಲ್, ಕಡಿಮೆ ವೇಗ. ನಟ್ಟು ಬಿಗಿಯಾಗುವ ದಿಕ್ಕಿಗೇ ತಿರುಗಿಸಿ, ಇಲ್ಲವಾದರೆ ಸಾಕೆಟ್ ಸಮೇತ ಬಿಚ್ಚಿಕೊಳ್ಳುತ್ತದೆ. 80ರ ಒರಟು ಸ್ಯಾಂಡ್ ಪೇಪರ್ ಅಂಟಿಸಿದ ಹಲಗೆಯನ್ನು ಕ್ಲ್ಯಾಂಪ್‌ನಿಂದ ಅಲುಗಾಡದಂತೆ ನಿಲ್ಲಿಸಿದೆ. ಕೈಯಲ್ಲಿ ಹಿಡಿದರೆ ಹಲಗೆ ತಗ್ಗಿನೊಳಕ್ಕೂ ಇಳಿದು ಕೆಲಸ ಕೆಡುತ್ತದೆ. ಅಂಚಿನ ಸುತ್ತ ಸೀಮೆಸುಣ್ಣ ಬಳಿದದ್ದು ಬಹಳ ಉಪಯೋಗಕ್ಕೆ ಬಂತು. ಎತ್ತರದ ಭಾಗದ ಬಿಳುಪು ಮೊದಲು ಹೋಯಿತು, ತಗ್ಗಿನಲ್ಲಿ ಪಟ್ಟೆಯಾಗಿ ಉಳಿಯಿತು. ಪಟ್ಟೆ ಅಳಿಸುವವರೆಗೆ ಹಲಗೆಯನ್ನು ಕೂದಲೆಳೆಯಷ್ಟೇ ಮುಂದೊತ್ತುತ್ತ ಹೋದೆ. ಮಾಸ್ಕ್ ಹಾಕಿಕೊಳ್ಳಿ, ಕಪ್ಪು ಧೂಳು ಮೂಗಿನೊಳಗೆ ಮನೆ ಮಾಡುತ್ತದೆ.

ವ್ಯಾಸದಲ್ಲಿ ಸುಮಾರು ಒಂದು ಮಿಲಿಮೀಟರ್ ಹೋಯಿತು. 150 ಮಿಲಿಮೀಟರಿನ ಚಕ್ರಕ್ಕೆ ಅದು ಲೆಕ್ಕಕ್ಕೇ ಇಲ್ಲ, ಕಲ್ಲಿನ ವೇಗ ಶೇಕಡಾ ಒಂದರಷ್ಟೂ ಏರುವುದಿಲ್ಲ. ಮೋಟಾರು ಕೀಲಿನ ಮೇಲಿರುವುದರಿಂದ ತಾನಾಗಿಯೇ ಒತ್ತಿಕೊಳ್ಳುತ್ತದೆ. ಡುಗ್ ಸದ್ದು ಪೂರ್ತಿ ನಿಂತಿದೆ.

ಈಗ ಕೆಲಸ ಮುಗಿದೊಡನೆ ಮೋಟಾರಿನಡಿಗೆ ಮರದ ಬೆಣೆ ತೂರಿಸಿ ರಬ್ಬರನ್ನು ಹಗುರ ಮಾಡುತ್ತೇನೆ. ಬೆಣೆಗೆ ಉದ್ದದ ಕೆಂಪು ದಾರ ಕಟ್ಟಿ ಸ್ವಿಚ್ಚಿನ ಮೇಲೆ ಇಳಿಬಿಟ್ಟಿದ್ದೇನೆ, ಅದನ್ನು ಕಾಣದೆ ಯಾರೂ ಯಂತ್ರ ಹಚ್ಚಲಾರರು. ಯಂತ್ರದಲ್ಲೇ ಇರುವ ಪಾಲಿಶ್‌ನ ತೊಗಲಿನ ಚಕ್ರಕ್ಕೆ ಎಣ್ಣೆಯನ್ನೂ ಕಡಿಮೆ ಹಾಕುತ್ತಿದ್ದೇನೆ. ಅದು ಪಕ್ಕದಲ್ಲೇ ಇರುವುದರಿಂದ ಹೆಚ್ಚಾದ ಎಣ್ಣೆ ಸಿಡಿದು ಸೇರುವುದು ರಬ್ಬರಿಗೇ. ನೈಟ್ರೈಲ್ ಎಂಬ ಕೃತಕ ರಬ್ಬರ್ ಆದರೆ ತಡೆದುಕೊಳ್ಳುತ್ತದೆ, ನೈಸರ್ಗಿಕ ರಬ್ಬರ್ ಆದರೆ ಊದಿಕೊಳ್ಳುತ್ತದೆ. ನನ್ನದು ಯಾವುದೆಂದು ಮಾರಿದವರನ್ನು ಕೇಳಿದರೆ ಸಿಕ್ಕ ಉತ್ತರ: “ಕಪ್ಪು ರಬ್ಬರ್.”

ಮುಂದಿನದು ಅಮ್ಮನ ಈಳಿಗೆಮಣೆ. ಅಲಗು ಒಳಬಾಗಿದ್ದರಿಂದ 50 ಮಿಲಿಮೀಟರ್ ಅಗಲದ ಚಪ್ಪಟೆ ಕಲ್ಲು ಬಾಯಿಯ ಉದ್ದಕ್ಕೂ ಕೂರುವುದಿಲ್ಲ, ಕಲ್ಲಿನ ಒಂದು ಅಂಚನ್ನು ಗುಂಡಗೆ ಮಾಡಿಕೊಳ್ಳಬೇಕು. ಮಣೆಯ ಸಮೇತ ಹಿಡಿಯುವ ತೊಟ್ಟಿಲೊಂದರ ನಕ್ಷೆ ಹಾಕಿದ್ದೇನೆ. ಸವೆದು ಸಣ್ಣಗಾದ ಹಳೆಯ ಕಲ್ಲು ಯಾರ ಬಳಿಯಾದರೂ ಬಿದ್ದಿದ್ದರೆ ತಿಳಿಸಿ, ಹೊಸ ಕಲ್ಲಿನ ಅಂಚು ಕೊರೆಯಲು ಮನಸ್ಸು ಬರುತ್ತಿಲ್ಲ.