ಸರ್ಫಿಂಗ್ ಕಲಿಯೋಕೆ ಯಾವ ದೇಶದಲ್ಲಿ ಹೋಗಿ ಇರಬೇಕು?

ತೀರ್ಥಹಳ್ಳಿಯಲ್ಲಿ ಕೂತು ಸರ್ಫಿಂಗ್ ಬಗ್ಗೆ, ಅಂದರೆ ಉದ್ದ ಹಲಗೆಯಂಥ ಬೋರ್ಡ್ ಮೇಲೆ ನಿಂತು ಕಡಲ ಅಲೆ ಸವಾರಿ ಮಾಡೋದರ ಬಗ್ಗೆ, ಮಾತಾಡಿದರೆ ಮೊದಲು ಎಲ್ಲರಿಗೂ ಆಶ್ಚರ್ಯ, ಆಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ: "ನಂಗೂ ಕಲೀಬೇಕು, ಎರಡು ಮೂರು ತಿಂಗಳು ಹೊರದೇಶದಲ್ಲಿ ಇದ್ದು ಬರೋಣ ಅಂತಿದ್ದೀನಿ, ಎಲ್ಲಿಗೆ ಹೋಗ್ಲಿ?" ಕೇಳುವವರಲ್ಲಿ ಹೆಚ್ಚಿನವರು ಊರಿಂದಲೇ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವವರು. ಮನೆಯಲ್ಲಿ ತೋಟವೂ ಇರುತ್ತದೆ. ಬಾಲಿ, ಪೋರ್ಚುಗಲ್, ಆಸ್ಟ್ರೇಲಿಯಾ ಅಂತ ಪಟ್ಟಿ ಆಗಲೇ ಸಿದ್ಧವಾಗಿರುತ್ತದೆ.

ನನ್ನ ಉತ್ತರ ಶ್ರೀಲಂಕಾದ ದಕ್ಷಿಣ ತೀರದ ವೆಲಿಗಾಮ. ಫೆಬ್ರವರಿಯಿಂದ ಏಪ್ರಿಲ್ ಒಳಗೆ.

ಹೊಸಬರು ಜಾಗ ಹುಡುಕುವಾಗ ಹೆಸರಾದ ಅಲೆಯ ಹಿಂದೆ ಹೋಗುತ್ತಾರೆ. ಬಾಲಿಯ ಉಲುವಾಟು ಹೆಸರಾದದ್ದೇ, ಆದರೆ ಅಲ್ಲಿ ಅಲೆ ಒಡೆಯೋದು ಹವಳದ ಬಂಡೆಯ ಮೇಲೆ. ಬಿದ್ದರೆ ಬೆನ್ನು ಕಾಲು ಕುಯ್ದುಕೊಳ್ಳುತ್ತದೆ. ಪೋರ್ಚುಗಲ್‌ನ ನಜಾರೆಯಲ್ಲಿ 2020ರಲ್ಲಿ ಒಬ್ಬ ಜರ್ಮನ್ ಸರ್ಫರ್ 26.21 ಮೀಟರ್ ಎತ್ತರದ ಅಲೆಯ ಮೇಲೆ ಇಳಿದು ದಾಖಲೆ ಮಾಡಿದ. ನೋಡೋಕೆ ಅದ್ಭುತ. ಆದರೆ ಕಲಿಯುವವರಿಗೆ ಬೇಕಾದದ್ದು ಸೊಂಟದಷ್ಟು ಎತ್ತರದ, ನಿಧಾನವಾಗಿ ಮಗುಚಿಕೊಳ್ಳುವ, ಕೆಳಗೆ ಬರೀ ಮರಳಿರುವ ಅಲೆ. ಅಂಥದ್ದು ದಿನಾ ಸಿಗಬೇಕು. ಇದೇ ಮುಖ್ಯ. ಸರ್ಫಿಂಗ್‌ನಲ್ಲಿ ನಿಂತು ಸವಾರಿ ಮಾಡೋದು ಕೆಲವೇ ಸೆಕೆಂಡು, ಉಳಿದದ್ದೆಲ್ಲ ಬೋರ್ಡ್ ಮೇಲೆ ಮಲಗಿ ಕೈಯಲ್ಲಿ ನೀರು ತಳ್ಳೋದು, ಕಾಯೋದು, ಅಲೆಯನ್ನು ಓದೋದು. ಅದು ಮೈಗೆ ಹತ್ತಬೇಕಾದರೆ ವಾರಕ್ಕೊಂದು ದಿನ ಸಾಕಾಗಲ್ಲ. ಹಾಗಾಗಿ ನಾನು ಯಾವ ಊರನ್ನೂ ಒಂದೇ ಮಾತಲ್ಲಿ ಅಳೆಯುತ್ತೇನೆ: ಇಲ್ಲಿ ಬೆಳಿಗ್ಗೆ ಎದ್ದು ದಿನಾ ನೀರಿಗೆ ಇಳಿಯೋಕೆ ಆಗುತ್ತಾ?

ವೆಲಿಗಾಮದಲ್ಲಿ ಆಗುತ್ತದೆ. ಅದು ದಕ್ಷಿಣಕ್ಕೆ ತೆರೆದುಕೊಂಡ ಅರ್ಧಚಂದ್ರದಂಥ ಕೊಲ್ಲಿ. ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗಳಿಂದ ಹುಟ್ಟಿ ಸಾವಿರಾರು ಕಿಲೋಮೀಟರ್ ಬಂದ ಅಲೆ ಕೊಲ್ಲಿಯ ಒಳಗೆ ಬರುವಷ್ಟರಲ್ಲಿ ತನ್ನ ಸಿಟ್ಟು ಕಳೆದುಕೊಂಡಿರುತ್ತದೆ. ಕೆಳಗೆ ಮರಳು. ನೀರು ಸುಮಾರು 28 ಡಿಗ್ರಿ, ಚಡ್ಡಿ ಬನಿಯನ್ ಸಾಕು. ಉಬ್ಬರ ಇಳಿತದ ವ್ಯತ್ಯಾಸ ಒಂದು ಮೀಟರೂ ಇಲ್ಲ, ಹಾಗಾಗಿ ಬೆಳಿಗ್ಗೆ ಏಳಕ್ಕೆ ಇದ್ದ ಅಲೆ ಒಂಬತ್ತಕ್ಕೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಪೋರ್ಚುಗಲ್, ಮೊರಾಕೊಗಳಲ್ಲಿ ಹುಣ್ಣಿಮೆ ಅಮಾವಾಸ್ಯೆಗೆ ಈ ವ್ಯತ್ಯಾಸ ಮೂರು ಮೀಟರ್ ದಾಟುತ್ತದೆ. ಗಂಟೆ ತಪ್ಪಿದರೆ ಆ ದಿನದ ಅಲೆಯೇ ತಪ್ಪಿತು. ಹೊಸಬರಿಗೆ ಅದನ್ನೆಲ್ಲ ಲೆಕ್ಕ ಹಾಕುವ ತಲೆನೋವು ಯಾಕೆ?

ಇನ್ನು ತಿಂಗಳ ವಿಷಯ. ಮಲೆನಾಡಿನವರಿಗೆ ಇದು ಬೇಗ ಅರ್ಥ ಆಗುತ್ತದೆ, ಯಾಕಂದರೆ ಗಾಳಿ ಒಂದೇ. ಜೂನ್‌ನಲ್ಲಿ ಆಗುಂಬೆಗೆ ಮಳೆ ಹೊತ್ತು ತರುವ ನೈಋತ್ಯ ಮಾರುತವೇ ವೆಲಿಗಾಮದ ಕಡಲನ್ನೂ ಕಲಕಿ ಕೆಡಿಸುತ್ತದೆ. ಆ ಕರಾವಳಿಯಲ್ಲಿ ಅದು ಕಡಲ ಕಡೆಯಿಂದ ಬೀಸುವುದರಿಂದ ಅಲೆ ಮುದ್ದೆಯಾಗಿ ಬರುತ್ತದೆ. ಅದೇ ಗಾಳಿ ದ್ವೀಪವನ್ನು ದಾಟಿ ಪೂರ್ವ ತೀರ ಸೇರುವಾಗ ನೆಲದ ಕಡೆಯಿಂದ ಬೀಸುತ್ತದೆ, ಅಲೆಯ ಮುಖ ನುಣುಪಾಗುತ್ತದೆ. ಅದಕ್ಕೇ ನಮ್ಮಲ್ಲಿ ಜೋರು ಮಳೆ ಇರುವಾಗ ಅಲ್ಲಿನ ಪೂರ್ವ ತೀರದ ಅರುಗಮ್ ಬೇಯಲ್ಲಿ ಸರ್ಫಿಂಗ್ ಸೀಸನ್. ದಕ್ಷಿಣ ತೀರದ ಸೀಸನ್ ನವೆಂಬರ್‌ನಿಂದ ಏಪ್ರಿಲ್.

ಹಾಗಾದರೆ ನವೆಂಬರ್‌ನಲ್ಲೇ ಯಾಕೆ ಹೋಗಬಾರದು ಅಂತ ಕೇಳಬಹುದು. ಅಡಿಕೆ ಕೊಯ್ಲು ಇದೆಯಲ್ಲ! ತೋಟ ಇರುವ ಮನೆಯಲ್ಲಿ ಕೊನೆ (ಗೊನೆ) ಇಳಿಸಿ, ಸುಲಿದು, ಬೇಯಿಸಿ, ಒಣಗಿಸುವ ಹೊತ್ತಿಗೆ ಮಗನೋ ಮಗಳೋ ಕಡಲಲ್ಲಿ ಇದ್ದರೆ ಅಪ್ಪ ಅಮ್ಮ ಬಾಯಿಬಿಟ್ಟು ಏನೂ ಹೇಳದಿದ್ದರೂ ಅಲ್ಲಿ ಮನಸ್ಸು ನಿಲ್ಲಲ್ಲ. ಮಳೆಗಾಲದಲ್ಲಿ ಹೋಗೋಣ ಅಂದರೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕೆಲಸ. ಎರಡರ ನಡುವೆ ಬಿಡುವು ಸಿಗೋದು ಫೆಬ್ರವರಿಯಿಂದ ಏಪ್ರಿಲ್. ವೆಲಿಗಾಮದಲ್ಲಿ ಆಗ ಇನ್ನೂ ಒಳ್ಳೆ ಕಾಲ. ನಮ್ಮವರಿಗೆ ಇಷ್ಟು ಚೆನ್ನಾಗಿ ಹೊಂದುವ ಜಾಗ ನನಗೆ ಬೇರೆ ಕಂಡಿಲ್ಲ.

ಕೆಲಸದ ಸಮಯ ನೋಡಿ. ಶ್ರೀಲಂಕಾದ ಗಡಿಯಾರವೂ ನಮ್ಮದೂ ಒಂದೇ. ಆರಕ್ಕೆ ನೀರಿಗಿಳಿದು, ಎಂಟೂವರೆಗೆ ಬಂದು, ಸ್ನಾನ ತಿಂಡಿ ಮುಗಿಸಿ ಹತ್ತಕ್ಕೆ ಲಾಗಿನ್ ಆಗಬಹುದು. ಬೆಳಗಿನ ಆ ಹೊತ್ತಲ್ಲೇ ಗಾಳಿಯೂ ಕಡಿಮೆ. ಬಾಲಿ ನಮಗಿಂತ ಎರಡೂವರೆ ಗಂಟೆ ಮುಂದೆ, ಬೆಳಿಗ್ಗೆ ಇನ್ನೂ ಜಾಸ್ತಿ ಸಮಯ ಸಿಗುತ್ತದೆ ನಿಜ, ಆದರೆ ಕೆಲಸ ರಾತ್ರಿವರೆಗೆ ಎಳೆಯುತ್ತದೆ. ಪೋರ್ಚುಗಲ್‌ನಲ್ಲಿ ನಮ್ಮ ಹತ್ತು ಗಂಟೆ ಅಂದರೆ ಚಳಿಗಾಲದಲ್ಲಿ ನಸುಕಿನ ನಾಲ್ಕೂವರೆ. ದಿನಾ ಹಾಗೆ ಎದ್ದು ಕೂತು ಮಧ್ಯಾಹ್ನ ಹದಿನೈದು ಡಿಗ್ರಿ ನೀರಿಗೆ ಮೈ ಬೆಚ್ಚಗಿಡುವ ದಪ್ಪ ವೆಟ್‌ಸೂಟ್ ಹಾಕಿ ಇಳಿಯೋಕೆ ತುಂಬಾ ಹುಮ್ಮಸ್ಸು ಬೇಕು.

ಊಟಕ್ಕೆ ತೊಂದರೆ ಇಲ್ಲ. ಅನ್ನ, ಪರಿಪ್ಪು ಅನ್ನುವ ಬೇಳೆ ಸಾರು, ತರಕಾರಿ ಪಲ್ಯ ಎಲ್ಲಾ ಕಡೆ ಸಿಗುತ್ತದೆ. ಅವರ ಇಡಿಯಪ್ಪ ನಮ್ಮ ಒತ್ತು ಶಾವಿಗೆಯೇ. ಸಸ್ಯಾಹಾರಿಗಳು ಒಂದು ಕೇಳಿಕೊಳ್ಳಿ: ಕಾಯಿ ಚಟ್ನಿಯಂತೆ ಕಾಣುವ ಪೋಲ್ ಸಂಬೋಲದಲ್ಲಿ ಅನೇಕ ಕಡೆ ಒಣಮೀನು ಹಾಕಿರುತ್ತಾರೆ.

ಬೇರೆ ಜಾಗ ಕೆಟ್ಟದ್ದು ಅಂತ ಅಲ್ಲ. ಬಾಲಿಯ ಕುಟಾ ಕಡಲ ತೀರವೂ ಮರಳಿನದ್ದೇ, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಕಲಿಯೋಕೆ ಚೆನ್ನಾಗಿದೆ. ಅಲ್ಲಿನ ಮಳೆಗಾಲದಲ್ಲಿ ಮಾತ್ರ ಆ ತೀರಕ್ಕೆ ಪ್ಲಾಸ್ಟಿಕ್ ಕಸ ರಾಶಿ ಬಂದು ಬೀಳುತ್ತದೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಪೋರ್ಚುಗಲ್‌ನ ಪೆನಿಶ್ ಬಳಿ ಬಲಿಯಾಲ್ ಒಳ್ಳೆಯದು, ಆದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಕೊಡುವ ಷೆಂಗೆನ್ ಪ್ರವಾಸಿ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಆಸ್ಟ್ರೇಲಿಯಾ ದುಬಾರಿ. ಆದರೂ 18ರಿಂದ 30 ವಯಸ್ಸಿನವರಿಗೆ 2024ರಿಂದ ಒಂದು ದಾರಿ ತೆರೆದಿದೆ: ವರ್ಕ್ ಅಂಡ್ ಹಾಲಿಡೇ ವೀಸಾ, ಭಾರತೀಯರಿಗೆ ವರ್ಷಕ್ಕೆ 1,000, ಲಾಟರಿ ಎತ್ತಿ ಕೊಡುತ್ತಾರೆ. ಸಿಕ್ಕರೆ ಒಂದು ವರ್ಷ ಅಲ್ಲೇ ದುಡಿದು ಬದುಕಬಹುದು. ಸಿಕ್ಕವರು ಬಿಡಬೇಡಿ.

ಶ್ರೀಲಂಕಾಗೆ ಪ್ರವಾಸಿ ಅನುಮತಿ ಸಾಮಾನ್ಯವಾಗಿ ಮೊದಲು 30 ದಿನಕ್ಕೆ, ಆಮೇಲೆ ವಿಸ್ತರಿಸಿಕೊಳ್ಳಬೇಕು. ಶುಲ್ಕ, ನಿಯಮ ಪದೇ ಪದೇ ಬದಲಾಗುತ್ತವೆ, ಟಿಕೆಟ್ ತೆಗೆಯುವ ಮೊದಲು ಸರ್ಕಾರಿ ತಾಣದಲ್ಲೇ ನೋಡಿ. ಅಲ್ಲಿದ್ದು ಲ್ಯಾಪ್‌ಟಾಪ್ ತೆರೆಯೋಕೆ ವೀಸಾ ಒಪ್ಪುತ್ತದಾ, ಕಂಪನಿ ಒಪ್ಪುತ್ತದಾ ಅಂತ ಎರಡೂ ಕಡೆ ವಿಚಾರಿಸಿ. ಕಂಪನಿಯ ಒಪ್ಪಿಗೆ ಬರಹದಲ್ಲೇ ಇರಲಿ.

ಹೊರಡುವ ಮೊದಲು ಒಂದು ಕೆಲಸ ಮಾಡಿ ಅಂತ ಎಲ್ಲರಿಗೂ ಕೈಮುಗಿದು ಹೇಳುತ್ತೇನೆ. ಆಗುಂಬೆ ಘಾಟಿ ಇಳಿದು ಮೂಲ್ಕಿಗೆ ಹೋಗಿ. ಅಲ್ಲಿ ಮಂತ್ರ ಸರ್ಫ್ ಕ್ಲಬ್ ಬಹಳ ವರ್ಷದಿಂದ ಕಲಿಸುತ್ತಿದೆ. ಪಕ್ಕದ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆಯೇ ನಡೆಯಿತು, ಆಮೇಲೂ ನಡೆದಿದೆ. ಮಳೆಗಾಲ ಬಿಟ್ಟು ಬೇರೆ ಯಾವಾಗಾದರೂ ಕೆಲವು ವಾರಾಂತ್ಯ ಅಲ್ಲಿ ಬೋರ್ಡ್ ಮೇಲೆ ಕಳೆದರೆ ಇದು ನಿಮಗೆ ಇಷ್ಟವಾಗುತ್ತದಾ ಇಲ್ಲವಾ ಗೊತ್ತಾಗುತ್ತದೆ. ಸುಮ್ನೆ ಲಕ್ಷಾಂತರ ಖರ್ಚು ಮಾಡಿ ಪರದೇಶದಲ್ಲಿ ಅದನ್ನು ತಿಳಿದುಕೊಳ್ಳಬೇಕಾಗಿಲ್ಲ, ಅಲ್ವಾ?

ಇನ್ನೊಂದು ಕಾರಣವೂ ಇದೆ, ಅದು ದೊಡ್ಡದು. ತುಂಗೆಯಲ್ಲಿ ಈಜಿ ಬೆಳೆದವರಿಗೆ ನೀರಿನ ಭಯ ಇರಲ್ಲ. ಆದರೆ ಹೊಳೆಯ ಸೆಳೆತ ಒಂದೇ ದಿಕ್ಕಿನದ್ದು, ಎಲ್ಲಿ ಸುಳಿ ಇದೆ ಅಂತ ಊರವರಿಗೆ ಗೊತ್ತು. ಕಡಲಲ್ಲಿ ದಡಕ್ಕೆ ಬಂದ ನೀರು ಒಂದು ಕಿರಿದಾದ ದಾರಿ ಹಿಡಿದು ವಾಪಸ್ ಹೋಗುತ್ತದೆ, ಆ ಜಾಗ ಇವತ್ತು ಇಲ್ಲಿ, ನಾಳೆ ಅಲ್ಲಿ. ಅಲೆ ಒಡೆಯದೆ ಶಾಂತವಾಗಿ ಕಾಣುವ ಪಟ್ಟಿಯೇ ಎಷ್ಟೋ ಸಲ ಅದಾಗಿರುತ್ತದೆ. ಸಿಕ್ಕಿಕೊಂಡರೆ ದಡದ ಕಡೆ ನೇರ ಈಜಬೇಡಿ. ಬೋರ್ಡ್ ಬಿಡಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಅಲೆ ಒಡೆಯುತ್ತಿರುವ ಜಾಗಕ್ಕೆ ಬಂದು ಅಲ್ಲಿಂದ ದಡ ಸೇರಿ. ಇದನ್ನು ಕನ್ನಡ, ತುಳು ಮಾತಾಡುವ ಕಲಿಸುವವರ ಹತ್ತಿರ ನೀರಲ್ಲೇ ನಿಂತು ಕಲಿಯೋದು ಒಳ್ಳೆಯದು.

ಬೋರ್ಡ್ ಇಲ್ಲಿಂದ ಹೊತ್ತುಕೊಂಡು ಹೋಗಬೇಡಿ. ವೆಲಿಗಾಮದ ದಡದಲ್ಲೇ ಎಂಟು ಒಂಬತ್ತು ಅಡಿಯ ಮೆತ್ತನೆ ಫೋಮ್ ಬೋರ್ಡ್ ಬಾಡಿಗೆಗೆ ಸಿಗುತ್ತವೆ. ಬೆಂಗಳೂರಿಂದ ಕೊಲಂಬೋಗೆ ನೇರ ವಿಮಾನ ಇದೆ, ಅಲ್ಲಿಂದ ವೆಲಿಗಾಮಕ್ಕೆ ಕಡಲಂಚಿನಲ್ಲೇ ಹೋಗುವ ರೈಲು. ರೂಮು ಮಾತ್ರ ದಡಕ್ಕೆ ನಡೆದು ಹೋಗುವಷ್ಟು ಹತ್ತಿರ ಹಿಡಿಯಿರಿ, ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಸರಿ.