ಆಫರ್ ಲೆಟರ್ ಬಂದ ಮೇಲೆ ಒಂದು ಫಾಸ್ಟಿಂಗ್ ಶುಗರ್

ಮೂರು ರೌಂಡ್ ಇಂಟರ್‌ವ್ಯೂ ಮುಗಿದು, ಸಂಬಳದ ಮಾತಾಗಿ, ಆಫರ್ ಲೆಟರ್ ಕೈಗೆ ಬಂದಿರುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಕೆಲಸ ಕೈತಪ್ಪುವುದು ಇದಾದ ಮೇಲೆ, ವೈದ್ಯಕೀಯ ಪರೀಕ್ಷೆಯ ಅಂದರೆ ‘ಮೆಡಿಕಲ್’ ದಿನ. ಲೆಟರಿನ ಕೊನೆಯ ಪುಟದಲ್ಲಿ ‘ವೈದ್ಯಕೀಯ ಅರ್ಹತೆಗೆ ಒಳಪಟ್ಟು’ ಎಂಬ ಸಾಲಿರುತ್ತದೆ. ಖುಷಿಯಲ್ಲಿ ಅಷ್ಟು ದೂರ ಓದುವವರು ಕಡಿಮೆ. ಅಷ್ಟರಲ್ಲಿ ಹಳೇ ಕಂಪನಿಗೆ ರಾಜೀನಾಮೆ ಹೋಗಿ, ನೋಟಿಸ್ ಪೀರಿಯಡ್ ಶುರುವಾಗಿರುತ್ತದೆ. ಮೊದಲ ಎಡವಟ್ಟು ಇದೇ. ‘ಫಿಟ್’ ಅಂತ ಬರಹದಲ್ಲಿ ಬರುವವರೆಗೆ ರಾಜೀನಾಮೆ ಕೊಡಬೇಡಿ. ‘ಮೆಡಿಕಲ್ ಬರೀ ಫಾರ್ಮಾಲಿಟಿ’ ಅಂತ ಎಚ್‌ಆರ್‌ನವರು ಅಂದರೆ, ಹಾಗಾದರೆ ಮೊದಲೇ ಮುಗಿಸಿಬಿಡೋಣ ಅನ್ನಿ.

ಟೈಪ್ 1 ಡಯಾಬಿಟಿಸ್ (ದೇಹದಲ್ಲಿ ಇನ್ಸುಲಿನ್ನೇ ತಯಾರಾಗದ ಬಗೆ) ಇರುವವರಿಗೆ ಆ ದಿನ ಹಿಂದಿನ ರಾತ್ರಿಯೇ ಶುರುವಾಗುತ್ತದೆ. ರಿಪೋರ್ಟ್ ಚೆನ್ನಾಗಿ ಬರಲಿ ಅಂತ ಅರ್ಧ ಊಟ ಮಾಡಿ, ಲಾಂಗ್ ಆಕ್ಟಿಂಗ್ ಇನ್ಸುಲಿನ್ ಎರಡು ಯೂನಿಟ್ ಏರಿಸುವವರಿದ್ದಾರೆ. ಹೇಗೂ ಉಪವಾಸ ಅಂತ ಅದನ್ನು ಬಿಟ್ಟೇಬಿಡುವವರೂ ಇದ್ದಾರೆ. ಈ ಇನ್ಸುಲಿನ್ ಇರುವುದು ಲಿವರ್ ರಾತ್ರಿಯಿಡೀ ಬಿಡುವ ಸಕ್ಕರೆಯನ್ನು ಸಂಭಾಳಿಸಲು. ಬಿಟ್ಟರೆ ಬೆಳಿಗ್ಗೆ ಮುನ್ನೂರು ದಾಟಬಹುದು, ಜೊತೆಗೆ ರಕ್ತವನ್ನು ಆಮ್ಲೀಯ ಮಾಡುವ ಕೀಟೋನ್. ಏರಿಸಿದರೆ ಸಕ್ಕರೆ ಇಳಿದು ಲ್ಯಾಬಿನ ಸಾಲಿನಲ್ಲೇ ಕೈ ನಡುಗೀತು. ಎಂದಿನ ಡೋಸ್, ಎಂದಿನ ಊಟ, ಅಷ್ಟೇ.

ಏಳಕ್ಕೆ ಬನ್ನಿ ಅಂದ ಲ್ಯಾಬಿನಲ್ಲಿ ರಕ್ತ ತೆಗೆಯುವ ಹೊತ್ತಿಗೆ ಒಂಬತ್ತಾಗುವುದೂ ಉಂಟು. ಟೋಕನ್ ತೆಗೆದುಕೊಳ್ಳುವಾಗಲೇ ‘ಇನ್ಸುಲಿನ್ ಮೇಲಿದ್ದೇನೆ, ಮೊದಲು ರಕ್ತ ತೆಗೆಯಿರಿ, ಎಕ್ಸ್‌ರೇ ಇಸಿಜಿ ಆಮೇಲೆ’ ಅಂತ ಹೇಳಿಬಿಡಬೇಕು. ಚೀಲದಲ್ಲಿ ಗ್ಲುಕೋಮೀಟರ್, ಸ್ಟ್ರಿಪ್, ಇನ್ಸುಲಿನ್ ಪೆನ್, ಗ್ಲೂಕೋಸ್ ಪುಡಿ ಇರಲಿ. ಎಂಟೂ ಹತ್ತಕ್ಕೆ ಬೆರಳು ಚುಚ್ಚಿದರೆ 62 ಅಂತ ಬಂತು ಅನ್ನಿ. 70ಕ್ಕಿಂತ ಕೆಳಗಿಳಿದರೆ ಕಾಯುವಂತಿಲ್ಲ: 15 ಗ್ರಾಂ ಗ್ಲೂಕೋಸ್, ಅಂದರೆ ಸುಮಾರು ಮೂರು ಟೀ ಚಮಚ, ನೀರಿನಲ್ಲಿ ಕಲಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಆ ದಿನದ ಫಾಸ್ಟಿಂಗ್ ಅಲ್ಲಿಗೆ ಕೆಟ್ಟಿತು. ಗ್ಲೂಕೋಸ್ ಕುಡಿದದ್ದನ್ನು ಮುಚ್ಚಿಟ್ಟು ರಕ್ತ ಕೊಟ್ಟರೆ 190 ಬಂದು ರಿಪೋರ್ಟಿನಲ್ಲಿ ದಪ್ಪಕ್ಷರ ಬೀಳುತ್ತದೆ. ‘8.10ಕ್ಕೆ 62, ಗ್ಲೂಕೋಸ್ ಸೇವನೆ’ ಅಂತ ಸ್ಲಿಪ್ಪಿನಲ್ಲಿ ಬರೆಸಿ, ಇನ್ನೊಂದು ದಿನ ಕೇಳಿ. ಪಿಪಿಗೆ, ಅಂದರೆ ತಿಂದ ನಂತರದ ಶುಗರ್ ಪರೀಕ್ಷೆಗೆ, ಎರಡು ಗಂಟೆ ಎಣಿಸುವುದು ಮೊದಲ ತುತ್ತಿನಿಂದ. ನಂಬರ್ ಕಡಿಮೆ ಬರಲೆಂದು ಒಂದೇ ಇಡ್ಲಿ ತಿಂದು ನಾಲ್ಕು ಇಡ್ಲಿಯ ಡೋಸ್ ಚುಚ್ಚಿಕೊಳ್ಳಬೇಡಿ.

ಟೈಪ್ 2ನವರಿಗೂ ಒಂದು ಮಾತು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರ ಮೂತ್ರದಲ್ಲಿ ಸಕ್ಕರೆ ಸಾಮಾನ್ಯವಾಗಿ ಮೂರು ಪ್ಲಸ್ ಬರುತ್ತದೆ. ಸಕ್ಕರೆಯನ್ನು ಮೂತ್ರಕ್ಕೆ ಹೊರಹಾಕುವುದೇ ಆ ಮಾತ್ರೆಯ ಕೆಲಸ. ಪರೀಕ್ಷಿಸುವ ಡಾಕ್ಟರಿಗೆ ಮಾತ್ರೆಯ ಹೆಸರು ಗೊತ್ತಿಲ್ಲದಿದ್ದರೆ ಅದು ‘ಕಂಟ್ರೋಲ್ ಇಲ್ಲ’ ಎಂದಾಗುತ್ತದೆ. ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ, ಕಬ್ಬಿಣಾಂಶ ಕಡಿಮೆಯಿದ್ದವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು.

ಇನ್ನು ಫಾರ್ಮ್. ‘ದೀರ್ಘಕಾಲದ ಕಾಯಿಲೆ: ಹೌದು/ಇಲ್ಲ’, ಪಕ್ಕದಲ್ಲಿ ಒಂದಿಂಚು ಜಾಗ. ‘ಇಲ್ಲ’ ಎಂದು ಟಿಕ್ ಹಾಕುವ ಆಸೆ ಸಹಜ. ಆದರೆ ಕೆಳಗೆ ಸಹಿ ಹಾಕುವ ಕಡೆ ‘ಸುಳ್ಳು ಮಾಹಿತಿ ಕಂಡುಬಂದರೆ ವಜಾ’ ಎಂದಿರುತ್ತದೆ. ಎರಡು ವರ್ಷದ ನಂತರ ತೆಗೆದುಹಾಕಲು ನಾವೇ ಕಾರಣ ಬರೆದುಕೊಟ್ಟಂತೆ. ‘ಡಯಾಬಿಟಿಸ್’ ಎಂದು ಒಂಟಿ ಪದ ಬರೆದರೂ ಕಷ್ಟ, ಓದುವವರು ತಮ್ಮ ಮನೆಯ ಅಜ್ಜನ ಕಾಲಿನ ಗಾಯ ನೆನೆಸಿಕೊಳ್ಳುತ್ತಾರೆ. ನಿಜವಿದ್ದರೆ ಹೀಗೆ ಬರೆಯಿರಿ: ‘ಟೈಪ್ 1, ಇನ್ಸುಲಿನ್, 12 ತಿಂಗಳಲ್ಲಿ ಆಸ್ಪತ್ರೆ ಸೇರಿಲ್ಲ, ಕಣ್ಣು, ಕಿಡ್ನಿ ನಾರ್ಮಲ್, ಪತ್ರ ಲಗತ್ತಿಸಿದೆ.’ ಆ ಪತ್ರ ನಿಮ್ಮನ್ನು ನೋಡುವ ಡಾಕ್ಟರದ್ದು. ಕೊನೆಯ ಮೂರು ಎಚ್‌ಬಿಎ1ಸಿ, ಕಣ್ಣಿನ ಫಂಡಸ್ (ಒಳಪದರದ) ಪರೀಕ್ಷೆ, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್, ಒಂದು ವರ್ಷದಲ್ಲಿ ಪ್ರಜ್ಞೆ ತಪ್ಪುವಂಥ ಲೋ ಶುಗರ್ ಆಗಿದೆಯೋ ಇಲ್ಲವೋ, ಇಷ್ಟಿರಬೇಕು. ಬರೀ ‘ಫಿಟ್’ ಅಂದರೆ ಯಾರಿಗೂ ಉಪಯೋಗವಿಲ್ಲ. ಯಾವ ಕೆಲಸಕ್ಕೆ, ಯಾವ ಶಿಫ್ಟಿಗೆ ಎಂದು ಬರೆಸಿ. ರೈಲು ಓಡಿಸುವವರ ವಿಷಯದಲ್ಲಿ ಲೋ ಶುಗರ್ ಬಗ್ಗೆ ಕೇಳುವುದು ನ್ಯಾಯವೇ. ಅದೇ ಅಳತೆಗೋಲನ್ನು ಬಿಲ್ಲಿಂಗ್ ಕ್ಲರ್ಕಿಗೆ ಹಿಡಿಯುವುದು ಸೋಮಾರಿತನ.

ತಿರಸ್ಕಾರ ಬಂದಾಗ ಅದರಲ್ಲಿ ಕಾಯಿಲೆಯ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಫೋನ್ ಬರುತ್ತದೆ: ‘ಪೊಸಿಷನ್ ಹೋಲ್ಡ್ ಆಗಿದೆ.’ ಅಂದೇ ಮೇಲ್ ಹಾಕಿ: ‘ಇಂದು ಇಷ್ಟು ಗಂಟೆಗೆ ಫೋನಿನಲ್ಲಿ ಹೀಗೆ ತಿಳಿಸಿದಿರಿ. ಮೆಡಿಕಲ್ ರಿಪೋರ್ಟಿನ ಪ್ರತಿ ಮತ್ತು ಕಾರಣ ಬರಹದಲ್ಲಿ ಕೊಡಿ.’ ಉತ್ತರ ಬಾರದಿದ್ದರೂ ತಾರೀಕು ಉಳಿಯುತ್ತದೆ.

ಕಾನೂನು? ಖಾಸಗಿ ಕಂಪನಿಯ ಎದುರು ನಮ್ಮ ಕೈಯಲ್ಲಿರುವುದು ಕಡಿಮೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಥಲಸ್ಸೀಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಇವೆ, ಡಯಾಬಿಟಿಸ್ ಇಲ್ಲ. ಆ ರಕ್ತದ ಕಾಯಿಲೆಗಳಿಗೂ ಸರ್ಕಾರಿ ಹುದ್ದೆಯ ಶೇ. 4 ಮೀಸಲಾತಿಯಲ್ಲಿ ಜಾಗವಿಲ್ಲ. ಎಚ್‌ಐವಿಗೆ ಮಾತ್ರ ಗಟ್ಟಿ ಕಾನೂನಿದೆ: 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ 2017ರ ಕಾಯ್ದೆ ಪ್ರಕಾರ ಕೆಲಸಕ್ಕಾಗಿ ಎಚ್‌ಐವಿ ಪರೀಕ್ಷೆ ಕಡ್ಡಾಯ ಮಾಡುವಂತಿಲ್ಲ, ಖಾಸಗಿಯವರಿಗೂ ಇದು ಅನ್ವಯ. ಲ್ಯಾಬ್ ಸ್ಲಿಪ್ಪಿನಲ್ಲಿ ಅದು ಸೇರಿದ್ದರೆ ಬೇಡ ಅನ್ನಬಹುದು.

ಸರ್ಕಾರಿ ಹುದ್ದೆಯಾದರೆ ದಾರಿ ಇನ್ನೂ ಇದೆ. ಹತ್ತು ರೂಪಾಯಿಯ ಆರ್‌ಟಿಐ ಅರ್ಜಿಯಲ್ಲಿ ನಿಮ್ಮದೇ ಮೆಡಿಕಲ್ ಬೋರ್ಡ್ ವರದಿ ಕೇಳಿ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಅನರ್ಹತೆಯ ವಿರುದ್ಧದ ಮೇಲ್ಮನವಿಯ ಗಡುವು ಅದಕ್ಕಾಗಿ ಕಾಯುವುದಿಲ್ಲ, ಎರಡನ್ನೂ ಒಟ್ಟಿಗೆ ಹಾಕಿ. ಮೇಲ್ಮನವಿ ಜೊತೆ ಬೇರೆ ಡಾಕ್ಟರ ಸರ್ಟಿಫಿಕೇಟ್ ಇಡುವಾಗ ಒಂದು ಸೂಕ್ಷ್ಮವಿದೆ. ಯುಪಿಎಸ್‌ಸಿ ಸಿವಿಲ್ ಸರ್ವಿಸ್ ವೈದ್ಯಕೀಯ ನಿಯಮದಲ್ಲಿ, ಅಭ್ಯರ್ಥಿಯನ್ನು ಬೋರ್ಡ್ ಈಗಾಗಲೇ ಅನರ್ಹ ಎಂದಿರುವುದು ತಿಳಿದೂ ಈ ಸರ್ಟಿಫಿಕೇಟ್ ಕೊಡುತ್ತಿದ್ದೇನೆ ಎಂದು ಆ ಡಾಕ್ಟರ್ ಬರೆದಿರದಿದ್ದರೆ ಅದನ್ನು ಪರಿಗಣಿಸುವುದೇ ಇಲ್ಲ. ಆ ಒಂದು ವಾಕ್ಯ ಇದೆಯೇ ಅಂತ ಕ್ಲಿನಿಕ್ಕಿನ ಮೆಟ್ಟಿಲಿಳಿಯುವ ಮೊದಲೇ ನೋಡಿಕೊಳ್ಳಿ.