ಗೊಂಬೆ ಹಬ್ಬಕ್ಕೆ ಚೀನಾ ಅರಮನೆ: ಬಟ್ಟೆ, ಬಣ್ಣದ ಕೆಲಸ ಎಲ್ಲಿಗೆ ಬಂತು

ಈ ಸಲ ದಸರಾಕ್ಕೆ ಪಟ್ಟದ ಗೊಂಬೆಗಳು ಎಂದಿನಂತೆ ಮೇಲಿನ ಮೆಟ್ಟಿಲಲ್ಲೇ ಇರುತ್ತವೆ. ಪಕ್ಕದಲ್ಲೊಂದು ಮೇಜು ಹಾಕಿ, ಅದರ ಮೇಲೆ 'ಸ್ಟೋರಿ ಆಫ್ ಯಾನ್‌ಶಿ ಪ್ಯಾಲೆಸ್' ಧಾರಾವಾಹಿಯ ನಾಲ್ಕು ಹೆಂಗಸರನ್ನು ಕೂರಿಸುತ್ತಿದ್ದೇನೆ. ಒಳಗೆ ತಂತಿ, ಮೇಲೆ ಹತ್ತಿ ಮತ್ತು ಬಟ್ಟೆ, ಗೇಣುದ್ದದ ಗೊಂಬೆಗಳು. ನಾಲ್ವರ ಮೈಯೂ ಮುಗಿದಿದೆ. ಫುಚಾ ಮಹಾರಾಣಿಯ ಉಡುಪು ಹೊಲಿದಾಯಿತು. ಯಿಂಗ್‌ಲ್ವೊಳದ್ದು ಅರ್ಧಕ್ಕೆ ನಿಂತಿದೆ. ಇನ್ನಿಬ್ಬರು ರಾಣಿಯರಾದ ಗಾವ್ ಮತ್ತು ನಾರಾಗೆ ಬಟ್ಟೆ ಕತ್ತರಿಸಿಟ್ಟಿದ್ದೇನೆ, ಅಷ್ಟೇ.

ನೋಡದವರಿಗೆ ಎರಡು ಮಾತು. ಧಾರಾವಾಹಿ ಬಂದದ್ದು 2018ರಲ್ಲಿ, ಒಟ್ಟು 70 ಕಂತು. ಕಥೆ ನಡೆಯುವುದು 18ನೇ ಶತಮಾನದಲ್ಲಿ, ಚಿಂಗ್ ವಂಶದ ಚಿಯೆನ್‌ಲೊಂಗ್ ಚಕ್ರವರ್ತಿಯ ಬೀಜಿಂಗ್ ಅರಮನೆಯಲ್ಲಿ. ವೇ ಯಿಂಗ್‌ಲ್ವೊ ಎಂಬ ಹುಡುಗಿ ಅಕ್ಕನ ಸಾವಿನ ಗುಟ್ಟು ಹುಡುಕಿಕೊಂಡು ಕಸೂತಿ ಕೆಲಸದವಳಾಗಿ ಒಳಗೆ ಸೇರುತ್ತಾಳೆ. ಆಮೇಲೆ ರಾಣಿವಾಸದಲ್ಲಿ ಒಂದೊಂದೇ ಮೆಟ್ಟಿಲು ಹತ್ತುತ್ತಾಳೆ.

ಕಥೆ ನನ್ನನ್ನು ಹಿಡಿದದ್ದು ಆಮೇಲೆ. ಮೊದಲು ಹಿಡಿದದ್ದು ಬಣ್ಣ. ಅರಮನೆ ಧಾರಾವಾಹಿ ಅಂದರೆ ಕಣ್ಣಿಗೆ ಹೊಡೆಯುವ ಕೆಂಪು, ಗುಲಾಬಿ, ನೀಲಿ ಇರುತ್ತದೆ ಅಂದುಕೊಂಡು ಕೂತಿದ್ದೆ. ಇಲ್ಲಿ ಬೂದಿ ಬೆರೆತ ನೀಲಿ, ಒಣಗಿದ ಗುಲಾಬಿ ದಳದ ಬಣ್ಣ, ಪಾಚಿ ಹಸಿರು, ಮಾಸಲು ಬಿಳಿ. ಚೀನಾದ ಪ್ರೇಕ್ಷಕರು ಇದಕ್ಕೆ 'ಮೊರಾಂಡಿ ಬಣ್ಣಗಳು' ಅಂತಲೇ ಹೆಸರಿಟ್ಟರು. ಜೊರ್ಜೊ ಮೊರಾಂಡಿ ಇಟಲಿಯ ಬೊಲೊನ್ಯಾದ ಚಿತ್ರಕಾರ, 1964ರಲ್ಲಿ ತೀರಿಕೊಂಡವರು. ಬಾಟಲಿ, ಹೂಜಿಗಳನ್ನೇ ಮತ್ತೆ ಮತ್ತೆ ಮಂಕು ಬಣ್ಣಗಳಲ್ಲಿ ಬರೆದವರು. ಅವರಿಗೂ ಚಿಂಗ್ ವಂಶಕ್ಕೂ ಯಾವ ನಂಟೂ ಇಲ್ಲ. ಆದರೂ ಹೆಸರು ಚೆನ್ನಾಗಿ ಕೂತಿತು.

ನಮ್ಮ ಪೌರಾಣಿಕ ಧಾರಾವಾಹಿಗಳಲ್ಲಿ ದಾಸಿಯ ಸೆರಗಿಗೂ ಜರಿ ಇರುತ್ತದೆ, ಅಲ್ವಾ? ಎಲ್ಲರೂ ಹೊಳೆದರೆ ರಾಣಿ ಯಾರು ಅಂತ ಕಿರೀಟ ನೋಡಿಯೇ ತಿಳಿಯಬೇಕು. ಬಣ್ಣವನ್ನು ಇಳಿಸಿಟ್ಟರೆ ಚಿಕ್ಕ ವ್ಯತ್ಯಾಸವೂ ಕಣ್ಣಿಗೆ ಬೀಳುತ್ತದೆ. ಈ ಧಾರಾವಾಹಿಯಲ್ಲಿ ಒಬ್ಬಳು ಒಂದು ದಿನ ತುಸು ಗಾಢವಾದ ಬಟ್ಟೆ ಉಟ್ಟು ಬಂದರೂ ಏನೋ ನಡೆಯಲಿದೆ ಅನ್ನಿಸುತ್ತದೆ. ಹಿಂದೆ ಅರಮನೆಯ ಕೆಂಪು ಗೋಡೆ, ಹಳದಿ ಹೆಂಚು ಇದ್ದೇ ಇದೆ. ಆ ಗೋಡೆಯ ಮುಂದೆ ಮಂಕು ನೀಲಿ ಎಷ್ಟು ಎದ್ದು ಕಾಣುತ್ತದೆ ಅಂತ ಥರ್ಮಾಕೋಲಿಗೆ ಕಾವಿ ಬಣ್ಣ ಬಳಿದು ನಿಲ್ಲಿಸಿದಾಗಲೇ ನನಗೆ ಸರಿಯಾಗಿ ಗೊತ್ತಾಯಿತು.

ಇಂಥ ಬಣ್ಣ ಅಂಗಡಿಯಲ್ಲಿ ಸಿಗುವುದು ಕಷ್ಟ. ಮ್ಯಾಚಿಂಗ್ ಸೆಂಟರಿನಲ್ಲಿ ಬ್ಲೌಸ್ ಪೀಸಿನ ಹಳದಿಯೇ ಒಂದು ಕಪಾಟು ತುಂಬ ಇದೆ. ಮಂಕು ಅಂದರೆ ಮಾತ್ರ ಅಂಗಡಿಯ ಹುಡುಗ "ಮೇಡಂ, ಇದು ಹಳೇ ಸ್ಟಾಕು, ಯಾರೂ ತಗೊಳಲ್ಲ" ಅಂತ ಮೂಲೆಯಿಂದ ಎರಡು ತುಂಡು ತೆಗೆದ. ಎರಡನ್ನೂ ತಂದೆ. ಉಳಿದದ್ದಕ್ಕೆ ಮನೆಯಲ್ಲೇ ಬಣ್ಣ ಹಾಕುತ್ತಿದ್ದೇನೆ.

ಹಳೇ ಬಿಳಿ ರೇಷ್ಮೆ ಸೀರೆಯೊಂದು ಹರಿದು ಬೀರುವಿನಲ್ಲಿತ್ತು. ಅದನ್ನು ತುಂಡು ಮಾಡಿ, ಪಟಿಕದ ನೀರಿನಲ್ಲಿ ನೆನೆಸಿ, ದಾಳಿಂಬೆ ಸಿಪ್ಪೆ ಕುದಿಸಿದ ನೀರಿನಲ್ಲಿ ಅದ್ದಿದರೆ ಹಳದಿ ಬರುತ್ತದೆ. ಅದೇ ಬಟ್ಟೆಯನ್ನು ತುಕ್ಕು ಹಿಡಿದ ಮೊಳೆ ನೆನೆಸಿದ ವಿನಿಗರ್ ನೀರಿಗೆ ಒಂದು ಗಳಿಗೆ ಹಾಕಿ ತೆಗೆದರೆ ಹಳದಿ ಕಂತಿ ಬೂದು ಹಸಿರಾಗುತ್ತದೆ. ಅಡಿಕೆ ಚೊಗರಿನ ಕೆಂಪು ಕಂದನ್ನೂ ಇದೇ ಕಬ್ಬಿಣದ ನೀರು ಬೂದಿಗೆ ತಿರುಗಿಸುತ್ತದೆ. ಸಿಪ್ಪೆಯಲ್ಲೂ ಚೊಗರಿನಲ್ಲೂ ಇರುವ ಒಗರಿಗೆ ಕಬ್ಬಿಣ ತಗುಲಿದರೆ ಕಪ್ಪಾಗುತ್ತದೆ, ಅದೇ ಗುಟ್ಟು. ಕಬ್ಬಿಣ ಜಾಸ್ತಿಯಾದರೆ ರೇಷ್ಮೆ ಪುಡಿಪುಡಿಯಾಗುತ್ತದೆ, ಹಾಗಾಗಿ ಚಮಚದ ಲೆಕ್ಕ. ಹಗ್ಗದ ಮೇಲೆ ಒಣಗುತ್ತಿದ್ದ ತುಂಡುಗಳನ್ನು ನೋಡಿ ಅತ್ತೆ, "ಏನೇ ಇದು, ಹಬ್ಬಕ್ಕೆ ಇಂಥ ಮಾಸಿದ ಬಣ್ಣ ಉಡಿಸ್ತೀಯಾ?" ಅಂದರು. ಗಾವ್‌ಗೆ ಗಾಢ ಕೆಂಪು ಇಟ್ಟಿದ್ದೇನೆ ಅಂದ ಮೇಲೆ ಸಮಾಧಾನವಾಯಿತು.

ಹಳದಿಯ ವಿಷಯ ಬೇರೆಯದೇ. ಅದರಲ್ಲಿ ನಮ್ಮ ಇಷ್ಟ ನಡೆಯುವುದಿಲ್ಲ. ಚಿಯೆನ್‌ಲೊಂಗ್ ಕಾಲದಲ್ಲಿ, 1759ರಲ್ಲಿ, ಆಸ್ಥಾನದ ಉಡುಪು ಮತ್ತು ಸಾಮಗ್ರಿಗಳ ಬಗ್ಗೆ ಚಿತ್ರಸಹಿತ ನಿಯಮಗ್ರಂಥವೊಂದು ಸಿದ್ಧವಾಯಿತು. ಅದರ ಪ್ರಕಾರ ರಾಣಿವಾಸದಲ್ಲಿ ಉಜ್ವಲ ಹಳದಿ ರಾಜಮಾತೆಗೆ, ಮಹಾರಾಣಿಗೆ, ಅವಳ ನಂತರದ ಒಬ್ಬಳೇ ಹಿರಿಯ ರಾಣಿಗೆ ಮಾತ್ರ. ಅದರ ಕೆಳಗಿನ ಎರಡು ದರ್ಜೆಗೆ ಕಿತ್ತಳೆಯತ್ತ ವಾಲಿದ ಬಂಗಾರದ ಹಳದಿ. ಇನ್ನೂ ಕೆಳಗಿನವರಿಗೆ ಧೂಪದ ಕಡ್ಡಿಯಂಥ ಕಂದು ಹಳದಿ. ಇದು ವಿಧಿಯ ಉಡುಪಿನ ಮಾತು. ಅದರ ಮೇಲೆ ಎಲ್ಲ ರಾಣಿಯರೂ ಕಡು ನೀಲಿಯ ತೋಳಿಲ್ಲದ ಮೇಲಂಗಿ ತೊಡಬೇಕಿತ್ತು. ಅಂದರೆ ಸಾಲಾಗಿ ನಿಂತಾಗ ದೂರದಿಂದ ಎಲ್ಲರೂ ಒಂದೇ. ತೋಳಿನ ತುದಿ, ಅಂಚು ನೋಡಿದರೆ ಮಾತ್ರ ಯಾರು ಯಾರಿಗೆ ಬಗ್ಗಬೇಕು ಅಂತ ತಿಳಿಯುತ್ತದೆ.

ಕೋಣೆಯೊಳಗೆ ಉಡುವ ದಿನನಿತ್ಯದ ಬಟ್ಟೆಗೆ ಇಷ್ಟು ಬಿಗಿ ನಿಯಮ ಇರಲಿಲ್ಲ. ಧಾರಾವಾಹಿ ಆಟವಾಡುವುದು ಈ ಸಂದಿನಲ್ಲೇ. ಸಮಾರಂಭದಲ್ಲಿ ಬಟ್ಟೆ ಪದವಿ ಹೇಳುತ್ತದೆ, ಕೋಣೆಯಲ್ಲಿ ಮನಸ್ಸು ಹೇಳುತ್ತದೆ. ನಾನು ನಾಲ್ವರಿಗೂ ಕೋಣೆಯ ಬಟ್ಟೆಯನ್ನೇ ಆರಿಸಿದ್ದೇನೆ. ಗೇಣುದ್ದದ ಗೊಂಬೆಗೆ ಡ್ರ್ಯಾಗನ್ ಕಸೂತಿ ಹಾಕುವ ಕಣ್ಣೂ ನನಗಿಲ್ಲ ಬಿಡಿ.

ಫುಚಾ ಮಹಾರಾಣಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಇವಳು ನಿಜವಾಗಿ ಬದುಕಿದ್ದವಳು. 1748ರಲ್ಲಿ, ಚಕ್ರವರ್ತಿಯ ಜೊತೆ ಶಾನ್‌ದೊಂಗ್ ಪ್ರವಾಸ ಮುಗಿಸಿ ಮರಳುವಾಗ ದಾರಿಯಲ್ಲೇ ತೀರಿಕೊಂಡಳು. ಮುತ್ತು, ಪಚ್ಚೆ ಬಿಟ್ಟು ಗಿಡದ ತಿರುಳಿನ ಹೂವು, ರೇಷ್ಮೆ ಎಳೆಯ ಹೂವು ಮುಡಿಯುತ್ತಿದ್ದಳು ಅಂತ ಚಿಂಗ್ ಇತಿಹಾಸ ಗ್ರಂಥದಲ್ಲೇ ಇದೆ. ತಿರುಳಿನ ಹೂವು ಅಂದರೆ ನಮ್ಮ ಬಾಸಿಂಗದ ಬೆಂಡಿನ ಕೆಲಸದಂಥದ್ದು. ಧಾರಾವಾಹಿಯವರು ಈ ಒಂದು ಸಾಲನ್ನು ಹಿಡಿದುಕೊಂಡು ಇಡೀ ಪಾತ್ರಕ್ಕೆ ಬಟ್ಟೆ ಹೊಲಿದಿದ್ದಾರೆ. ತಿಳಿ ಬಣ್ಣ, ಕಡಿಮೆ ಒಡವೆ, ತಲೆಯಲ್ಲಿ ರೇಷ್ಮೆ ಹೂವು. ಬಾಯಿ ಬಿಡುವ ಮೊದಲೇ ಅವಳ ಸ್ವಭಾವ ಗೊತ್ತಾಗುತ್ತದೆ.

ಆ ಹೂವುಗಳನ್ನು ಮಾಡಿಕೊಟ್ಟವರು ನಾನ್‌ಜಿಂಗ್‌ನ ಕುಶಲಕರ್ಮಿ ಚಾವ್ ಶೂಶ್ಯೆನ್. ಅಲ್ಲಿನ ಹಳೆಯ ಕಸುಬು ಇದು. ಬಣ್ಣ ಹಾಕಿದ ರೇಷ್ಮೆ ಎಳೆಗಳನ್ನು ಸಾಲಾಗಿ ಬಿಗಿದು ಕಟ್ಟಿ, ಮೆತ್ತಗಿನ ತಾಮ್ರದ ತಂತಿಯ ಎರಡು ಎಳೆಗಳ ನಡುವೆ ಸಿಕ್ಕಿಸಿ, ಹೊಸೆಯುತ್ತಾರೆ. ಆಗ ಎಳೆ ಸುತ್ತಲೂ ನಿಂತು ಮೆತ್ತನೆಯ ಕಡ್ಡಿಯಾಗುತ್ತದೆ. ಕತ್ತರಿಯಿಂದ ತುದಿ ಚೂಪು ಮಾಡಿ, ಚಿಮಟದಿಂದ ಬಗ್ಗಿಸಿ, ದಳಗಳನ್ನು ಜೋಡಿಸಿದರೆ ಹೂವು.

ನಾನೂ ಮಾಡಿದೆ. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿ ಸಿಗುತ್ತದೆ, ಅದು ಮೊದಲೇ ಮೆತ್ತಗಿರುತ್ತದೆ. ಕಸೂತಿ ದಾರದ ಹುರಿ ಬಿಡಿಸಿ ಬಾಚಣಿಗೆಯಿಂದ ಬಾಚಿದರೆ ಎಳೆ ಸಿದ್ಧ. ಕಷ್ಟವಿರುವುದು ಕತ್ತರಿಯ ಕೆಲಸದಲ್ಲಿ. ಕಡ್ಡಿಯನ್ನು ತಿರುಗಿಸುತ್ತಾ ಒಂದೇ ಹದದಲ್ಲಿ ಕತ್ತರಿಸಬೇಕು, ಇಲ್ಲದಿದ್ದರೆ ದಳದ ಬದಲು ಬಾಟಲಿ ತೊಳೆಯುವ ಬ್ರಷ್ಷು. ಮಲ್ಲಿಗೆ ಮೊಗ್ಗಿನ ಗಾತ್ರದ ಒಂದು ಹೂವು ಈಗ ಮಹಾರಾಣಿಯ ತಲೆಯಲ್ಲಿದೆ. ಇಡೀ ಮೇಜಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದೇ.

ಕೊರಳಿಗೆ ಬಿಳಿ ಪಟ್ಟಿಯೂ ಆಯಿತು. ಅಂಗಿಗೆ ಎತ್ತರದ ಕಾಲರ್ ಇಲ್ಲ, ಹಾಗಾಗಿ ಹೆಂಗಸರು ಕೊರಳಿಗೆ ತೆಳು ಬಿಳಿ ಬಟ್ಟೆ ಸುತ್ತುತ್ತಾರೆ. ಪಂಚೆಯ ತುಂಡು ಸಾಕಾಯಿತು. ಕಿವಿಗೆ ಮೂರು ಮೂರು ಓಲೆ, ಚಿಂಗ್ ಅರಸರ ಜನಾಂಗವಾದ ಮಂಚು ಹೆಂಗಸರ ಪದ್ಧತಿ ಹಾಗೇ. 1775ರಲ್ಲಿ ಚಿಯೆನ್‌ಲೊಂಗ್ ಇದನ್ನು ಬಿಡುತ್ತಿದ್ದವರ ಮೇಲೆ ರೇಗಿ ಆಜ್ಞೆಯನ್ನೇ ಹೊರಡಿಸಿದ್ದ. ಸೂಜಿ ತೂರದ ಮಣಿಗಳನ್ನು ಗೋಂದಿನಿಂದ ಅಂಟಿಸಿದ್ದೇನೆ.

ಯಿಂಗ್‌ಲ್ವೊ ಅರ್ಧಕ್ಕೆ ನಿಲ್ಲಲು ಕಾರಣವಿದೆ. ಅವಳನ್ನು ಯಾವ ಹಂತದಲ್ಲಿ ತೋರಿಸಬೇಕು ಅನ್ನೋದೇ ಬಗೆಹರಿದಿರಲಿಲ್ಲ. ರಾಣಿಯಾದ ಮೇಲಿನ ಬಟ್ಟೆ ಚೆಂದ, ನಿಜ. ಆದರೆ ಅವಳ ಕಥೆ ತಿರುಗುವುದು ಒಂದು ದಾರದ ಮೇಲೆ. ಮಹಾರಾಣಿಯ ಹುಟ್ಟುಹಬ್ಬದ ಉಡುಪಿಗೆ ತಂದಿದ್ದ ನವಿಲುಗರಿಯ ದಾರ ಕಳವಾಗುತ್ತದೆ. ಬೇರೆಯವರಾಗಿದ್ದರೆ ಕಾಲಿಗೆ ಬೀಳುತ್ತಿದ್ದರು. ಇವಳು ಜಿಂಕೆ ಬಾಲದ ಕೂದಲಿನ ದಾರದಲ್ಲಿ ಕಸೂತಿ ಮುಗಿಸಿ, ಇದು ನಮ್ಮ ಪೂರ್ವಜರ ಸರಳತೆಯ ನೆನಪು ಅಂತ ಒಪ್ಪಿಸುತ್ತಾಳೆ. ಸುಮ್ನೆ ಕಟ್ಟಿದ್ದಲ್ಲ ಇದು. ನಿಜವಾದ ಫುಚಾ ಕೂಡ ಪೂರ್ವಜರ ಪದ್ಧತಿ ಮರೆಯಬಾರದೆಂದು ಜಿಂಕೆಯ ತುಪ್ಪಳದಿಂದ ಚೀಲ ಮಾಡಿ ಗಂಡನಿಗೆ ಕೊಡುತ್ತಿದ್ದಳು. ಹೊಳೆಯುವ ದಾರ ಹೋಗಿ ಮಂಕು ದಾರ ಬಂತು, ಮಹಾರಾಣಿಯ ಮನಸ್ಸು ಗೆದ್ದದ್ದು ಮಂಕು ದಾರ. ಹಾಗಾಗಿ ಯಿಂಗ್‌ಲ್ವೊ ಕೆಲಸದವಳ ಸಾದಾ ಉದ್ದ ಅಂಗಿಯಲ್ಲೇ, ಕೈಯಲ್ಲಿ ಕಸೂತಿ ಚೌಕಟ್ಟು ಹಿಡಿದು ಕೂರುತ್ತಾಳೆ. ಚೌಕಟ್ಟಿಗೆ ಹಳೇ ಬಳೆ ಸಾಕು. ಜಿಂಕೆ ಕೂದಲಿನ ಬದಲು ತೆಂಗಿನ ನಾರಿನ ಅತಿ ತೆಳು ಎಳೆ.

ಗಾವ್ ಸುಲಭ. ಅವಳಿಗೆ ನಾಟಕದ ಹಾಡಿನ ಹುಚ್ಚು, ಕೋಣೆಯಲ್ಲೂ ರಂಗದ ಮೇಲಿದ್ದಂತೆಯೇ ಇರುತ್ತಾಳೆ, ಮೈತುಂಬ ಒಡವೆ. ತಲೆಗೆ ಮಾತ್ರ ನೀಲಿ ಬೇಕು. ಆ ಕಾಲದ ತಲೆಯ ಒಡವೆಗಳಲ್ಲಿ ಮಿಂಚುಳ್ಳಿಯ ಗರಿ ಅಂಟಿಸುತ್ತಿದ್ದರು. ಗರಿಯ ನೀಲಿ ಬಣ್ಣದ ಪುಡಿಯಿಂದ ಬಂದದ್ದಲ್ಲ, ಅದರ ಒಳರಚನೆಯಲ್ಲಿ ಬೆಳಕು ಚದುರಿ ಹುಟ್ಟಿದ್ದು. ಅದಕ್ಕೇ ಇನ್ನೂರು ವರ್ಷವಾದರೂ ಮಾಸಿಲ್ಲ. ನಾನು ನೀಲಿ ಸ್ಯಾಟಿನ್ ರಿಬ್ಬನ್ ಕತ್ತರಿಸುತ್ತಿದ್ದೇನೆ, ಹಕ್ಕಿಯ ತಂಟೆ ಬೇಡ.

ಉಳಿದದ್ದು ನಾರಾ. ಮೊದಲ ಕಂತುಗಳಲ್ಲಿ ಇವಳು ಸಾದಾ ಬಟ್ಟೆಯ ಮೆದು ಹೆಂಗಸು. ಮನೆಯವರನ್ನು ಕಳೆದುಕೊಂಡ ಮೇಲೆ ಬಟ್ಟೆ ಗಾಢವಾಗುತ್ತಾ, ಒಡವೆ ಏರುತ್ತಾ ಹೋಗುತ್ತದೆ. ಕೊನೆಗೆ ಮಹಾರಾಣಿಯ ಹಳದಿಯೂ ಸಿಗುತ್ತದೆ. ಇತಿಹಾಸದ ನಾರಾ 1765ರ ದಕ್ಷಿಣ ಪ್ರವಾಸದಲ್ಲಿ ತನ್ನ ಕೂದಲು ತಾನೇ ಕತ್ತರಿಸಿಕೊಂಡಳು. ಮಂಚು ಹೆಂಗಸರು ಕೂದಲು ಕತ್ತರಿಸುವುದು ದೊಡ್ಡ ಸಾವಿನ ಸೂತಕಕ್ಕೆ ಮಾತ್ರ. ಚಕ್ರವರ್ತಿ ಕ್ಷಮಿಸಲಿಲ್ಲ. ಮರುವರ್ಷ ಅವಳು ಸತ್ತಾಗ ಮಹಾರಾಣಿಯ ಮರ್ಯಾದೆಯೂ ಸಿಗಲಿಲ್ಲ.

ಇವಳಿಗೆ ಅಂಗಿಯ ಒಳಪದರಕ್ಕೆ ಮಾಸಲು ಬಿಳಿ, ಹೊರಗೆ ಬೂದು ನೇರಳೆ ಅಂತ ಯೋಚಿಸಿದ್ದೇನೆ, ತೋಳು ಮಡಿಸಿದಲ್ಲಿ ಹಳೆಯ ನಾರಾ ಇಣುಕಬೇಕು. ಚೊಗರಿಗೆ ಕಬ್ಬಿಣ ಹಾಕಿದರೆ ನೇರಳೆ ಬರುತ್ತಿಲ್ಲ, ಬರೀ ಬೂದಿ. ಅಂಗಡಿಯ ನೇರಳೆ ತುಂಡನ್ನೇ ತಂದು ಕಬ್ಬಿಣದ ನೀರಿನಲ್ಲಿ ಅದ್ದಿದರೆ ಏನಾಗುತ್ತದೋ ನೋಡಬೇಕು. ಕೂದಲು ಮಾತ್ರ ಉದ್ದವೇ ಇರಲಿ, ಕತ್ತರಿ ಬೇಡ ಅಂತ ಅತ್ತೆಯ ತೀರ್ಪು. ಹಬ್ಬದ ಮನೆ ನೋಡಿ, ನಾನೂ ಒಪ್ಪಿದ್ದೇನೆ.